ಅರ್ಧ ಗಡ್ಡದಲ್ಲೇ ಎದ್ದು ಹೋದವರು

“ನನ್ನ ಇನ್ನರ್ಧ ಗಡ್ಡ ಯಾರು ತೆಗೀತಾರೆ, ನಿಮ್ಮ ತಾತ ಬರ್ತಾನಾ?”

ಕುರ್ಚಿಯಲ್ಲಿ ಕೂತ ಲಾರಿ ಡ್ರೈವರು ಕನ್ನಡಿಗೆ ಬೈಯುತ್ತಿದ್ದ. ಬೈಯಬೇಕಾದ ಮನುಷ್ಯ ಅಲ್ಲಿರಲಿಲ್ಲ. ಡ್ರೈವರಿನ ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆಯ ಮೇಲೆ ಸೋಪಿನ ನೊರೆ ಒಣಗಿ ಬಿರುಕು ಬಿಡುತ್ತಿತ್ತು. ಕ್ಷೌರ ಮಾಡುತ್ತಿದ್ದವನು ಕತ್ತಿ ಮಡಚಿಟ್ಟು, ಒಂದೇ ನಿಮಿಷ ಎಂದು ಹೇಳಿ ಹಿಂದಿನ ಬಾಗಿಲಿನಿಂದ ಹೋಗಿದ್ದ.

“ಲೋಡು ಬಿಸಿಲಲ್ಲಿ ನಿಂತಿದೆ. ಇದು ಎರಡನೇ ಸಲ ಎದ್ದು ಹೋಗಿದ್ದು. ಹಿಂದುಗಡೆ ಅವನಿಗೆ ಯಾರಾದ್ರೂ ಕಾಯ್ತಾ ಇದ್ದಾರಾ?”

ಬೆಂಚಿನ ಮೇಲಿದ್ದವರು ಕಿಸಕ್ಕನೆ ನಕ್ಕರು.

ಆ ಅಂಗಡಿಯನ್ನು ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿದ್ದರು. ಈಚೆ ಕ್ಷೌರ, ಆಚೆ ಇಸ್ತ್ರಿ. ಈಚೆ ಗಂಡ, ಆಚೆ ಹೆಂಡತಿ. ಗಂಡನ ಕೈ ಎಷ್ಟು ಹಗುರವೆಂದರೆ ಗಂಟಲ ಮೇಲೆ ಕತ್ತಿ ಓಡಾಡುತ್ತಿರುವಾಗಲೇ ಗಿರಾಕಿಗಳು ಗೊರಕೆ ಹೊಡೆಯುತ್ತಿದ್ದರು. ಅದಕ್ಕೇ ಬೀದಿಯವರು ಅವನನ್ನು ಹೂಗೈಯಣ್ಣ ಎನ್ನುತ್ತಿದ್ದರು. ಹೆಂಡತಿಗೆ ಇಸ್ತ್ರಿಯಕ್ಕ ಎಂದೇ ಹೆಸರು. ಇಸ್ತ್ರಿಪೆಟ್ಟಿಗೆಗಿಂತ ಮೊದಲು ಬಿಸಿಯಾಗುವವಳು ಅವಳೇ ಎಂದು ಹಿಂದಿನಿಂದ ಆಡಿಕೊಳ್ಳುವವರೂ ಇದ್ದರು. ಅದು ಅವಳಿಗೂ ಗೊತ್ತಿತ್ತು.

ನಗು ಹಲಗೆ ದಾಟಿ ಅವಳ ಕಿವಿಗೆ ಬಿತ್ತು. ಪೆಟ್ಟಿಗೆಯನ್ನು ಧಡ್ ಎಂದು ನೆಟ್ಟಗೆ ನಿಲ್ಲಿಸಿ ಈಚೆ ಬಂದಳು.

“ನಗೋದು ಮುಗೀತಾ? ಯಾರೂ ಕಾಯ್ತಾ ಇಲ್ಲ. ಅವರಿಗೆ ಮೂತ್ರ ಸರಿಯಾಗಿ ಬರ್ತಿಲ್ಲ. ಗೋಡೆ ಹಿಡ್ಕೊಂಡು ನಿಂತ್ಕೊಂಡ್ರೆ ಹನಿ ಹನಿ ಬರುತ್ತೆ. ಮುಗೀತು ಅಂತ ಬಂದ್ರೆ ಮತ್ತೆ ಅವಸರ ಆಗುತ್ತೆ. ಗೊತ್ತಾಯ್ತಲ್ಲ, ಈಗ ನಗಿ.”

ಯಾರೂ ನಗಲಿಲ್ಲ. ಎರಡನೇ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಭಾವ ಮಾತ್ರ ಪೇಪರ್ ಕೆಳಗಿಳಿಸಿದ. ಭಾವ ಎಂದರೆ ಅವಳ ಗಂಡನ ಅಣ್ಣ. ಅಂಗಡಿ ಹಾಕಿದವನು ಅವನೇ, ತಮ್ಮನಿಗೆ ಕತ್ತಿ ಹಿಡಿಯಲು ಕಲಿಸಿದವನೂ ಅವನೇ. ಈಗ ಕೆಲಸ ಬಿಟ್ಟಿದ್ದ. ಆದರೆ ದಿನಾ ಬೆಳಿಗ್ಗೆ ಬಂದು ಗಡ್ಡ ತೆಗೆಸಿಕೊಂಡು, ಸಂಜೆಯವರೆಗೆ ಕೂತು ಅಧಿಕಾರ ಮಾಡುವುದನ್ನು ಬಿಟ್ಟಿರಲಿಲ್ಲ.

“ಏನಮ್ಮ ಇದು? ಗಂಡಸರು ಕೂತಿರೋ ಜಾಗದಲ್ಲಿ ನಿಂತು ಆಡೋ ಮಾತಾ? ಮಾನ ಇರಲಿ ಸ್ವಲ್ಪ.”

“ಮಾನದ ವಿಷಯ ಅಲ್ಲ ಭಾವ, ಮೂತ್ರದ ವಿಷಯ. ಆಸ್ಪತ್ರೆಗೆ ತೋರಿಸೋಣ ಅಂದ್ರೆ ನೀವು ಬೇಡ ಅಂತೀರಿ. ನೀವು ಬೇಡ ಅಂದದ್ದನ್ನ ಅವರು ಬೇಡ ಅಂತಾರೆ.”

“ವಯಸ್ಸಾಯ್ತು, ಅಷ್ಟೇ. ತಲೆ ನರೆಯುತ್ತೆ, ಮೂತ್ರ ನಿಧಾನ ಆಗುತ್ತೆ. ಅದಕ್ಕೆಲ್ಲ ಡಾಕ್ಟರಾ? ನೀರು ಕಡಿಮೆ ಕುಡಿ ಅಂತ ಹೇಳಿದೀನಿ. ಈ ಅಂಗಡೀಲಿ ಒಂದು ನಿಯಮ ಇದೆ. ಹಿಡಿದ ಗಡ್ಡ ಮುಗಿಸದೆ ಕತ್ತಿ ಕೆಳಗಿಡಬಾರದು. ನಾನು ಅಷ್ಟು ವರ್ಷ ಮಾಡಿದೆ, ಒಂದು ದಿನ ಅರ್ಧಕ್ಕೆ ಎದ್ದಿದೀನಾ?”

ಅಷ್ಟರಲ್ಲಿ ಹೂಗೈಯಣ್ಣ ಒಳಗೆ ಬಂದ. ಪ್ಯಾಂಟಿನ ಮೇಲೆ ಒದ್ದೆ ಕಾಣದಿರಲಿ ಎಂದು ಹೆಗಲ ಟವೆಲನ್ನು ಮುಂದಕ್ಕೆ ಇಳಿಬಿಟ್ಟುಕೊಂಡಿದ್ದ. ಯಾರ ಮುಖವನ್ನೂ ನೋಡದೆ ಬ್ರಶ್ಶನ್ನು ಬಿಸಿನೀರಿನಲ್ಲಿ ಅದ್ದಿ ಡ್ರೈವರಿನ ಬಲಗೆನ್ನೆಗೆ ಮತ್ತೆ ನೊರೆ ಹಚ್ಚಿದ. ಇಸ್ತ್ರಿಯಕ್ಕ ಆ ಟವೆಲನ್ನು ನೋಡಿದಳು. ಮನೆಯಲ್ಲಿ ಬಟ್ಟೆ ಒಗೆಯುವವಳು ಅವಳು. ಅವಳಿಂದ ಏನು ಮುಚ್ಚಿಡಲು ಸಾಧ್ಯ?

ಗಂಡ ಮಾಡಿಕೊಂಡಿದ್ದ ಉಪಾಯವೂ ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಷಟರ್ ಎತ್ತಿದ ಮೇಲೆ ರಾತ್ರಿ ಇಳಿಸುವವರೆಗೆ ಅವನು ನೀರು ಮುಟ್ಟುತ್ತಿರಲಿಲ್ಲ. ಅಣ್ಣನ ನಿಯಮ ಮುರಿಯಬಾರದು, ಗಿರಾಕಿ ಕಾಯಬಾರದು ಎಂಬ ಹಟ. ತುಟಿ ಒಡೆದಿತ್ತು, ಮೂತ್ರ ಉರಿಯುತ್ತಿತ್ತು. ಆದರೂ ಎದ್ದು ಹೋಗುವುದು ತಪ್ಪುತ್ತಿರಲಿಲ್ಲ.

ಆ ಸಂಜೆ ನರ್ಸಕ್ಕ ಇಸ್ತ್ರಿಗೆ ಕೊಟ್ಟ ಯೂನಿಫಾರ್ಮು ತೆಗೆದುಕೊಳ್ಳಲು ಬಂದಳು. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೂತ್ರರೋಗದ ವಾರ್ಡಿನಲ್ಲಿ ಅವಳಿಗೆ ಕೆಲಸ. ಇಸ್ತ್ರಿಯಕ್ಕ ಬಟ್ಟೆ ಮಡಚುತ್ತ ಎಲ್ಲವನ್ನೂ ಹೇಳಿಕೊಂಡಳು. ಬೇಕೆಂದೇ ಜೋರಾಗಿ ಹೇಳಿದಳು. ಇಷ್ಟು ವರ್ಷ ಗಂಡಸರ ಮಾತನ್ನೆಲ್ಲ ಈ ಹಲಗೆ ಅವಳ ಕಿವಿಗೆ ತುಂಬಿತ್ತು. ಈಗ ಆ ಕಡೆಯವರೂ ಸ್ವಲ್ಪ ಕೇಳಲಿ.

“ಅದು ಪ್ರಾಸ್ಟೇಟ್ ಇರಬಹುದು ಇಸ್ತ್ರಿಯಕ್ಕ,” ಎಂದಳು ನರ್ಸು. “ಮೂತ್ರಕೋಶದ ಕೆಳಗೆ ಗಂಡಸರಿಗೆ ಇರೋ ಒಂದು ಗ್ರಂಥಿ. ಪ್ರಾಯದಲ್ಲಿ ಅಕ್ರೋಟ್ ಕಾಯಿಯಷ್ಟು ಇರುತ್ತೆ. ಮೂತ್ರದ ಕೊಳವೆ ಅದರ ನಡುವೆಯೇ ಹಾದು ಹೋಗೋದು. ಐವತ್ತು ದಾಟಿದ ಮೇಲೆ ಬಹಳ ಜನಕ್ಕೆ ಅದು ದಪ್ಪ ಆಗ್ತಾ ಬರುತ್ತೆ, ಕೊಳವೆಯನ್ನ ಹಿಂಡುತ್ತೆ.”

“ಪೈಜಾಮದ ಲಾಡಿ ಎಳೆದು ಬಿಗಿದ ಹಾಗೆ.”

“ಹಾಗೇ ಅಂದ್ಕೊಳ್ಳಿ. ಆಗ ಧಾರೆ ಸಣ್ಣ ಆಗುತ್ತೆ, ಶುರು ಆಗೋಕೆ ತಿಣುಕಬೇಕು, ಪೂರ್ತಿ ಖಾಲಿ ಆಯ್ತು ಅನ್ನಿಸಲ್ಲ, ರಾತ್ರಿ ಮತ್ತೆ ಮತ್ತೆ ಏಳಬೇಕು. ಅಣ್ಣಂಗೆ ಹೀಗೆಲ್ಲ ಆಗುತ್ತಾ?”

“ಎಲ್ಲಾ ಆಗುತ್ತೆ.”

“ಮತ್ತೆ ಯಾಕೆ ಕೂತಿದೀರಿ? ನೀರು ಬಿಟ್ಟರೆ ಗ್ರಂಥಿ ಸಣ್ಣ ಆಗಲ್ಲ. ಮೂತ್ರ ಗಟ್ಟಿಯಾಗಿ ಉರಿ ಜಾಸ್ತಿ ಆಗುತ್ತೆ, ಸೋಂಕು, ಕಲ್ಲು ಬರೋದೂ ಉಂಟು.”

ಆಚೆ ಕತ್ತರಿಯ ಚಕಚಕ ಸದ್ದು ನಿಂತಿತ್ತು. ಇಸ್ತ್ರಿಯಕ್ಕ ನರ್ಸಿಗೆ ಕಣ್ಣು ಮಿಟುಕಿಸಿದಳು. ನರ್ಸು ದನಿ ಇನ್ನೂ ಎತ್ತರಿಸಿದಳು.

“ತೋರಿಸಿದ ತಕ್ಷಣ ಆಪರೇಷನ್ ಮಾಡ್ತಾರೆ ಅಂತ ಹೆದರಬೇಡಿ. ಮೂತ್ರ, ರಕ್ತ ಪರೀಕ್ಷೆ ಮಾಡ್ತಾರೆ, ಸ್ಕ್ಯಾನ್ ಮಾಡ್ತಾರೆ. ಬಹಳ ಜನಕ್ಕೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತೆ. ಬರದೇ ಇದ್ರೆ, ಅಥವಾ ಮೂತ್ರ ಕಟ್ಟಿದ್ರೆ, ಈಗ ಲೇಸರ್ ಇದೆ. ಹೊಟ್ಟೆ ಕೊಯ್ಯೋದಿಲ್ಲ.”

ಹಲಗೆಯ ಆಚೆಯಿಂದ ಭಾವನ ದನಿ ಬಂತು. “ಕೊಯ್ಯೋದಿಲ್ಲ ಅಂತ ಎಲ್ಲರೂ ಹೇಳ್ತಾರೆ. ನಮ್ಮಪ್ಪಂಗೆ ಇದೇ ಕಾಯಿಲೆ. ಹೊಕ್ಕುಳಿನಿಂದ ಕೆಳಗೆ ಸೀಳಿದ್ರು. ಹೋದೋನು ಹಾಸಿಗೆಯಿಂದ ಸರಿಯಾಗಿ ಏಳಲೇ ಇಲ್ಲ. ಗಾಯ ತೊಳೆದೋನು ನಾನು. ಇವನು ಆಗ ಪುಟ್ಟವನು, ಇವನಿಗೇನು ಗೊತ್ತು?”

ಇಸ್ತ್ರಿಯಕ್ಕನಿಗೆ ಅವತ್ತು ಮೊದಲ ಸಲ ಭಾವನ ಸಿಟ್ಟಿನ ಕೆಳಗೆ ಏನಿದೆ ಎಂಬುದು ಗೊತ್ತಾಯಿತು. ಹೆದರಿಕೆ ಇತ್ತು. ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಎಂದುಕೊಂಡು ಸುಮ್ಮನಿದ್ದರೆ ಗಂಡನ ಮೂತ್ರ ಬರುತ್ತದೆಯೇ?

“ಅದು ಆ ಕಾಲ ಭಾವ,” ಎಂದಳು. “ಆಗ ನೀವು ಕತ್ತಿಯನ್ನ ಕಲ್ಲಿಗೆ ಮಸೀತಿದ್ರಿ. ಈಗ ಗಿರಾಕಿಗೊಂದು ಹೊಸ ಬ್ಲೇಡು ಹಾಕ್ತಾರೆ. ಕ್ಷೌರ ಬದಲಾಗಬಹುದು, ಆಸ್ಪತ್ರೆ ಬದಲಾಗಬಾರದಾ?”

ಕತ್ತರಿಯ ಸದ್ದು ಮತ್ತೆ ಶುರುವಾಯಿತು. ಗಂಡ ಅವತ್ತೂ ಅಣ್ಣನ ಪಕ್ಷವೇ.

ವಾರದ ರಜೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಒಂದು ರಜೆಯ ದಿನ ಹೂಗೈಯಣ್ಣನಿಗೆ ನೆಗಡಿಯಾಗಿತ್ತು. ಮೂಗು ಕಟ್ಟಿದೆ ಎಂದು ಭಾವ ತನ್ನ ಜೇಬಿನಿಂದ ಒಂದು ನೆಗಡಿ ಮಾತ್ರೆ ಕೊಟ್ಟ. ಕೆಲವು ನೆಗಡಿ ಮಾತ್ರೆಗಳು ಇಂಥವರ ಮೂತ್ರವನ್ನು ಪೂರ್ತಿ ಕಟ್ಟಿಸಿಬಿಡಬಲ್ಲವು. ಅದು ಅಣ್ಣನಿಗೂ ಗೊತ್ತಿರಲಿಲ್ಲ, ತಮ್ಮನಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನು ಹಿಂದಿನ ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಬಂದ. ಮತ್ತೆ ಹೋದ. ಒಂದು ಹನಿಯೂ ಇಲ್ಲ. ಕೆಳಹೊಟ್ಟೆ ಕಲ್ಲಾಯಿತು. ಬೆವರು ಕಿವಿಯ ಹಿಂದೆ ಇಳಿಯತೊಡಗಿತು. ಆದರೂ ಕತ್ತಿ ಹಿಡಿದ. ಕುರ್ಚಿಯಲ್ಲಿದ್ದವನು ಹಾ ಎಂದು ಕುತ್ತಿಗೆ ಹಿಡಿದುಕೊಂಡ. ಬೆರಳ ಸಂದಿಯಿಂದ ರಕ್ತ ಬಂತು. ಗಾಯ ಸಣ್ಣದೇ. ಆದರೆ ಆ ಕೈ ಒಬ್ಬರ ಚರ್ಮವನ್ನು ಕೊಯ್ದದ್ದು ಅದೇ ಮೊದಲು.

ಹೂಗೈಯಣ್ಣ ತನ್ನ ಕೈಯನ್ನು ನೋಡಿಕೊಂಡು ನಿಂತುಬಿಟ್ಟ.

“ಇವಳೇ,” ಎಂದು ಹಲಗೆಯ ಕಡೆ ತಿರುಗಿ ಕರೆದ. “ಆಗ್ತಿಲ್ಲ.”

ಅವಳು ಇಸ್ತ್ರಿಯ ಪ್ಲಗ್ಗು ಕಿತ್ತು ಬಂದಳು. ಅವನ ಕೈಯಿಂದ ಕತ್ತಿ ತೆಗೆದಿಟ್ಟಳು. ಭಾವ ಬಾಗಿಲಿಗೆ ಅಡ್ಡ ಬಂದ.

“ಬಿಸಿನೀರಿನ ಶಾಖ ಕೊಟ್ಟರೆ ಬಿಡುತ್ತೆ. ಇಷ್ಟು ಜನ ಕೂತಿದ್ದಾರೆ. ಅರ್ಧ ಗಡ್ಡದಲ್ಲಿ ಬಿಟ್ಟು ಹೋಗೋದಾ?”

“ಅರ್ಧ ಆದವರು ಅರ್ಧಕ್ಕೇ ಎದ್ದು ಹೋಗಲಿ. ಗಡ್ಡ ನಾಳೆಯೂ ಬೆಳೆಯುತ್ತೆ ಭಾವ, ಗಂಡ ಬೆಳೆಯಲ್ಲ. ದಾರಿ ಬಿಡಿ.”

ಭಾವ ಬಿಡಲಿಲ್ಲ. ಆಗ ಬೆಂಚಿನಿಂದ ಎದ್ದವನು ಅದೇ ಲಾರಿ ಡ್ರೈವರು. “ಹಿರಿಯರೇ, ಸರೀರಿ ಪಕ್ಕಕ್ಕೆ. ಅಕ್ಕ, ಲಾರಿ ಹೊರಗಿದೆ, ಹತ್ತಿ,” ಎಂದ.

ಆಸ್ಪತ್ರೆಯಲ್ಲಿ ಮರಗಟ್ಟಿಸುವ ಜೆಲ್ಲು ಹಾಕಿ ರಬ್ಬರ್ ನಳಿಕೆಯನ್ನು ಒಳಗೆ ಬಿಟ್ಟರು. ಚೀಲ ತುಂಬತೊಡಗಿತು. ತುಂಬುತ್ತಲೇ ಇತ್ತು. ಹೂಗೈಯಣ್ಣ ಕಣ್ಣು ಮುಚ್ಚಿಕೊಂಡು ಅತ್ತ. ನೋವಿಗಲ್ಲ, ನೋವು ಹೋದದ್ದಕ್ಕೆ.

ಪರೀಕ್ಷೆಗಳಾದವು. ಡಾಕ್ಟರು ಕನ್ನಡಕ ಹಣೆಗೇರಿಸಿಕೊಂಡು ಮಾತಾಡುವ ಹೆಂಗಸು. ಸ್ಕ್ಯಾನ್ ತೋರಿಸಿ ಹೇಳಿದರು. “ಮೂತ್ರ ಹಿಂದಕ್ಕೆ ಒತ್ತಿ ಒತ್ತಿ ಕಿಡ್ನಿ ಊದಿಕೊಳ್ಳೋಕೆ ಶುರುವಾಗಿದೆ. ಹೀಗೇ ಬಿಟ್ಟಿದ್ರೆ ಕಿಡ್ನಿಯೇ ಕೈ ಕೊಡ್ತಿತ್ತು. ಇದು ಕ್ಯಾನ್ಸರ್ ಥರ ಕಾಣ್ತಿಲ್ಲ, ರಕ್ತ ಪರೀಕ್ಷೆಯೂ ಸರಿಯಾಗಿದೆ. ಲಕ್ಷಣ ಎರಡಕ್ಕೂ ಒಂದೇ ಥರ ಇರಬಹುದು, ಅದಕ್ಕೇ ನೋಡಿದ್ದು. ಮಾತ್ರೆ ಕೊಟ್ಟು, ಕೆಲವು ದಿನ ಬಿಟ್ಟು ನಳಿಕೆ ತೆಗೆದು ನೋಡೋಣ.”

ನೋಡಿದರು. ನಳಿಕೆ ತೆಗೆದ ದಿನವೇ ಮತ್ತೆ ಕಟ್ಟಿತು. ಮತ್ತೆ ನಳಿಕೆ ಹಾಕಿದರು.

“ಹಾಗಾದ್ರೆ ಲೇಸರ್ ಮಾಡೋಣ,” ಎಂದರು ಡಾಕ್ಟರು.

ಅಷ್ಟು ಹೊತ್ತಿಗೆ ಭಾವ ವಾರ್ಡಿಗೆ ಬಂದು ಮಂಚದ ಪಕ್ಕ ನಿಂತಿದ್ದ. “ನಮ್ಮ ಮನೇಲಿ ಇನ್ನೊಂದು ಹೊಟ್ಟೆ ಸೀಳೋಕೆ ನಾನು ಬಿಡಲ್ಲ,” ಎಂದ.

“ಸೀಳೋದಿಲ್ಲ,” ಡಾಕ್ಟರು ಬೇಸರ ಮಾಡಿಕೊಳ್ಳದೆ ಹೇಳಿದರು. “ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮರಗಟ್ಟಿಸ್ತೀವಿ. ಮೂತ್ರದ ದಾರಿಯಲ್ಲೇ ತೆಳ್ಳಗಿನ ಕೊಳವೆ ಒಳಗೆ ಹೋಗುತ್ತೆ, ಅದರ ತುದಿಯಲ್ಲಿ ಕ್ಯಾಮೆರಾ ಇರುತ್ತೆ. ಅದರೊಳಗೆ ಸಣ್ಣ ಎಳೆಯ ಮೂಲಕ ಲೇಸರ್ ಬೆಳಕು ಬಿಡ್ತೀವಿ. ದಾರಿಗೆ ಅಡ್ಡ ಬೆಳೆದಿರೋ ಭಾಗವನ್ನ ಅದು ಬಿಡಿಸಿ ತೆಗೆಯುತ್ತೆ. ರಕ್ತ ಹೋಗೋದು ಕಡಿಮೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಳಿಕೆ ತೆಗೆದು ಮನೆಗೆ ಕಳಿಸ್ತೀವಿ.”

“ಆಮೇಲೆ ಗಂಡಸ್ತನ?” ಭಾವ ಕೇಳಿದ. ಕೇಳುವಾಗ ದನಿ ಸಣ್ಣದಾಗಿತ್ತು.

“ಶಕ್ತಿಗೆ ಸಾಮಾನ್ಯವಾಗಿ ತೊಂದರೆ ಆಗಲ್ಲ. ಆದರೆ ಒಂದನ್ನ ಮುಚ್ಚಿಡಲ್ಲ. ಬಹಳ ಜನಕ್ಕೆ ವೀರ್ಯ ಹೊರಗೆ ಬರೋ ಬದಲು ಮೂತ್ರಕೋಶಕ್ಕೆ ಹೋಗುತ್ತೆ, ಆಮೇಲೆ ಮೂತ್ರದ ಜೊತೆ ಹೊರಗೆ ಬರುತ್ತೆ. ದೇಹಕ್ಕೆ ಹಾನಿ ಇಲ್ಲ. ಇನ್ನೂ ಮಕ್ಕಳು ಬೇಕು ಅನ್ನೋರು ಮೊದಲೇ ನಮಗೆ ಹೇಳಬೇಕು.”

“ನಮಗೆ ಮೊಮ್ಮಕ್ಕಳ ಬಟ್ಟೆ ಒಗೆದೇ ಸಾಕಾಗಿದೆ,” ಎಂದಳು ಇಸ್ತ್ರಿಯಕ್ಕ. ಪಕ್ಕದ ಮಂಚದವನು ನಕ್ಕುಬಿಟ್ಟ.

“ಸ್ವಲ್ಪ ದಿನ ಉರಿ ಇರುತ್ತೆ, ಮೂತ್ರದಲ್ಲಿ ರಕ್ತದ ಬಣ್ಣ ಕಾಣಬಹುದು, ಕೆಲವರಿಗೆ ಹಿಡಿತ ಬರೋವರೆಗೆ ಸ್ವಲ್ಪ ಸೋರುತ್ತೆ. ಭಾರ ಎತ್ತಬಾರದು. ಇದೂ ಆಪರೇಷನ್ನೇ, ಏನೂ ಆಗೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ಎಲ್ಲರಿಗೂ ಲೇಸರ್ರೇ ಸರಿ ಅಂತಲೂ ಇಲ್ಲ. ಇವರಿಗೆ ಸರಿ.”

“ಬೇಡ,” ಎಂದ ಭಾವ. “ನಡಿಯೋ ಮನೆಗೆ. ಚೀಲ ಇಟ್ಕೊಂಡೇ ಇರು. ಜೀವನಾದ್ರೂ ಉಳಿಯುತ್ತೆ.”

ಇಸ್ತ್ರಿಯಕ್ಕ ಬಾಯಿ ತೆರೆದಳು. ಆದರೆ ಅವಳಿಗಿಂತ ಮೊದಲು ಗಂಡ ಮಾತಾಡಿದ. ಅಣ್ಣನಿಗೆ ಎದುರಾಡಿದ್ದು ಅವನ ಜನ್ಮದಲ್ಲೇ ಇಲ್ಲ.

“ಅಣ್ಣ, ನೀನು ಹೇಳಿದ್ದೆಲ್ಲ ಕೇಳಿದೆ. ನೀರು ಬಿಡು ಅಂದೆ, ಬಿಟ್ಟೆ. ಎದ್ದು ಹೋಗಬೇಡ ಅಂದೆ, ಹಲ್ಲು ಕಚ್ಚಿ ನಿಂತೆ. ಕೊನೆಗೆ ಏನಾಯ್ತು? ಒಬ್ಬರ ಕುತ್ತಿಗೆ ಕೊಯ್ದೆ. ಈ ಚೀಲ ಕಾಲಿಗೆ ಕಟ್ಕೊಂಡು ನಾನು ಕುರ್ಚಿ ಪಕ್ಕ ನಿಲ್ಲಲ್ಲ. ನನಗೆ ನನ್ನ ಕೈ ಬೇಕು. ಮಾಡಿಸ್ಕೊಳ್ತೀನಿ. ನಿನಗೆ ನೋಡೋಕೆ ಆಗದಿದ್ರೆ ಹೊರಗೆ ಕೂತಿರು.”

ಭಾವ ಹೊರಗೆ ಹೋಗಿ ಕೂತ. ಆದರೆ ಮನೆಗೆ ಹೋಗಲಿಲ್ಲ. ಲೇಸರ್ ಮುಗಿದು ತಮ್ಮನನ್ನು ತಳ್ಳುಗಾಡಿಯಲ್ಲಿ ಈಚೆ ತಂದಾಗ ಎದ್ದು ಬಂದು, ಯಾರಿಗೂ ಹೇಳದೆ ಕೇಳದೆ ಹೊದಿಕೆ ಸರಿಸಿ ಹೊಟ್ಟೆ ನೋಡಿದ. ಹೊಲಿಗೆ ಇರಲಿಲ್ಲ. ಗೀರು ಸಹ ಇರಲಿಲ್ಲ. ಹೊದಿಕೆ ಮುಚ್ಚಿ ಮೂಗು ಒರೆಸಿಕೊಂಡ.

ಮರುದಿನ ನಳಿಕೆ ತೆಗೆದರು. ಹೂಗೈಯಣ್ಣ ಬಚ್ಚಲಿಗೆ ಹೋದ. ಇಸ್ತ್ರಿಯಕ್ಕ ಬಾಗಿಲ ಹೊರಗೆ ಕಿವಿಯಿಟ್ಟು ನಿಂತಳು. ಒಳಗಿನ ಸದ್ದು ಕೇಳಿ ನರ್ಸಕ್ಕನ ಕೈ ಹಿಡಿದುಕೊಂಡು, “ಬೋರು ಬಿಟ್ಟ ಹಾಗಿದೆ ನೋಡೇ,” ಎಂದಳು. ನಾಚಿಕೆ ಏಕೆ? ಆ ಸದ್ದಿಗಾಗಿ ಅವಳು ಬೀದಿಯ ಮುಂದೆ ಜಗಳವಾಡಿದ್ದಳು.

ಡಾಕ್ಟರು ಹೇಳಿದಷ್ಟು ದಿನ ಮನೆಯಲ್ಲಿದ್ದು ಅವನು ಅಂಗಡಿಗೆ ಬಂದ. ಮೊದಲು ಸ್ವಲ್ಪ ಉರಿ ಇತ್ತು, ಸ್ವಲ್ಪ ಸೋರಿತು, ಬರಬರುತ್ತ ನಿಂತಿತು. ಕನ್ನಡಿಯ ಮುಂದೆ, ಎಲ್ಲರಿಗೂ ಕಾಣುವಂತೆ, ಒಂದು ದೊಡ್ಡ ನೀರಿನ ಬಾಟಲಿ ಇಟ್ಟುಕೊಂಡ. ಕುಡಿಯಬೇಕು ಅನ್ನಿಸಿದಾಗ ಕುಡಿದ. ಹೋಗಬೇಕು ಅನ್ನಿಸಿದಾಗ, “ಮೂತ್ರಕ್ಕೆ ಹೋಗಿ ಬರ್ತೀನಿ,” ಎಂದು ಗಟ್ಟಿಯಾಗಿ ಹೇಳಿಯೇ ಹೋದ. ಬೇಗ ಬಂದ.

ಬೆಂಚಿನವರು ಒಬ್ಬೊಬ್ಬರೇ ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟತೊಡಗಿದರು. ನನಗೂ ಹಾಗೇ ಆಗುತ್ತಲ್ಲ ಅಣ್ಣ, ಅದು ಅದೇನಾ?

“ಪಿಸುಪಿಸು ಬೇಡ, ಜೋರಾಗಿ ಕೇಳಿ,” ಎನ್ನುತ್ತಿದ್ದ ಹೂಗೈಯಣ್ಣ. “ಪಕ್ಕದವನಿಗೂ ಅದೇ ಇರುತ್ತೆ. ಅವನೂ ಕೇಳಿಸ್ಕೊಳ್ಳಲಿ.”

ಭಾವ ಮಾತ್ರ ಏನೂ ಕೇಳಲಿಲ್ಲ. ದಿನಾ ಬಂದ, ಗಡ್ಡ ತೆಗೆಸಿಕೊಂಡ, ಪೇಪರ್ ಓದಿದ. ಆದರೆ ಹಲಗೆಗೆ ಕಿವಿಯಷ್ಟೇ ಅಲ್ಲ, ಒಂದು ಕಡೆ ಸಣ್ಣ ಬಿರುಕೂ ಇದೆ. ಆ ಬಿರುಕಿನಲ್ಲಿ ಇಸ್ತ್ರಿಯಕ್ಕ ನೋಡುತ್ತಲೇ ಇದ್ದಳು. ಭಾವ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕುತ್ತಿದ್ದ, ಇಳಿಸುತ್ತಿದ್ದ, ಮತ್ತೆ ಹಾಕುತ್ತಿದ್ದ. ತಮ್ಮ ಕೊಟ್ಟ ನೀರು ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ತಡೆಯಲಾರದೆ ಈಚೆ ಬಂದಳು. ಭಾವನ ಒಂದು ಕೆನ್ನೆ ಆಗಿತ್ತು, ಇನ್ನೊಂದರ ಮೇಲೆ ನೊರೆ ಇತ್ತು.

“ಭಾವ, ನಿಮಗೆ ಎಷ್ಟು ವರ್ಷದಿಂದ ಇದೆ?”

“ಏನು ಎಷ್ಟು ವರ್ಷದಿಂದ?”

“ಅದೇ. ವಯಸ್ಸಾದರೆ ಆಗುತ್ತೆ ಅಂದ್ರಲ್ಲ, ಅದು.”

ಹೂಗೈಯಣ್ಣ ಕತ್ತಿಯನ್ನು ಕೆನ್ನೆಯಿಂದ ದೂರ ಹಿಡಿದ.

“ನನಗೇನಿಲ್ಲ,” ಎಂದ ಭಾವ. “ಇದ್ದರೂ ನಿಮ್ಮ ಹಾಗೆ ಬೀದಿಗೆ ಸಾರಲ್ಲ. ಇವನಿಗೆ ಲೇಸರ್ ಅದೃಷ್ಟಕ್ಕೆ ಒಗ್ಗಿತು. ಇಷ್ಟಕ್ಕೂ ಆ ಹೆಂಗಸು ಹೇಳಿದ್ದೆಲ್ಲ ನಿಜ ಅಂತ ಏನು ಗ್ಯಾರಂಟಿ?”

“ಇಲ್ಲ ಅಂತ ನಿಮಗೆ ಗ್ಯಾರಂಟಿ ಇದ್ರೆ ಹೋಗಿ ಅವರ ಮುಖಕ್ಕೇ ಹೇಳಿ. ನೀವು ಯಾರಿಗೆ ಹೆದರಿದೋರು?”

“ನಾನು ಯಾರಿಗೂ ಹೆದರಲ್ಲ.”

“ಇಲ್ಲಿ ಕೂತು ಹೇಳೋದು ಸುಲಭ.”

ಭಾವನ ಕಣ್ಣು ಕೆಂಪಾಯಿತು. ಕುತ್ತಿಗೆಯ ಬಟ್ಟೆ ಹಾಗೇ ಇತ್ತು, ನೊರೆ ಹಾಗೇ ಇತ್ತು. ಕುರ್ಚಿಯ ಕೈ ಹಿಡಿದು ಎದ್ದ. “ಹೋಗಿ ಕೇಳ್ತೀನಿ. ನಿಮ್ಮ ಲೇಸರ್ ಬಂಡವಾಳ ಏನು ಅಂತ ಅಲ್ಲೇ ಬಿಚ್ಚಿಸ್ತೀನಿ. ಆಮೇಲೆ ಬಂದು ನಿನ್ನ ಹತ್ರ ಮಾತಾಡ್ತೀನಿ,” ಎಂದ.

“ಅಣ್ಣ, ಅರ್ಧ ಗಡ್ಡ,” ಎಂದ ತಮ್ಮ.

“ಇರಲಿ ಬಿಡೋ.”

ಹಿಂದಿನ ಬಾಗಿಲ ಕಡೆ ಹೋಗುತ್ತಾನೆಂದು ಎಲ್ಲರೂ ಎಣಿಸಿದ್ದರು. ಅವನು ಮುಂದಿನ ಬಾಗಿಲಿನಿಂದ ಹೊರಟ. ಬಿಳಿ ನೊರೆಯ ಕೆನ್ನೆಯಲ್ಲೇ ರಸ್ತೆ ದಾಟಿ ಬಸ್ಸು ಹತ್ತಿದ. ಕುತ್ತಿಗೆಯ ಬಟ್ಟೆ ಬಸ್ಸಿನ ಬಾಗಿಲಲ್ಲಿ ಸಿಕ್ಕಿ ಎಳೆದಾಡಿತು, ಅವನು ತಿರುಗಿಯೂ ನೋಡಲಿಲ್ಲ. ಹಿಡಿದ ಗಡ್ಡ ಮುಗಿಸದೆ ಏಳಬಾರದು ಎಂದು ನಿಯಮ ಮಾಡಿದವನೇ ಅರ್ಧಕ್ಕೆ ಎದ್ದು ಹೋಗಿದ್ದ.

ಹೂಗೈಯಣ್ಣ ಆ ಕುರ್ಚಿಗೆ ಬೇರೆಯವರನ್ನು ಕೂರಿಸದೆ ಕಾದ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಅಣ್ಣ ಬರಲಿಲ್ಲ. ಷಟರ್ ಇಳಿಸುವ ಹೊತ್ತಿಗೆ ಇಸ್ತ್ರಿಯಕ್ಕನಿಗೆ ನರ್ಸಕ್ಕನ ಫೋನು ಬಂತು. “ನಿಮ್ಮ ಭಾವ ಇಲ್ಲೇ ಇದ್ದಾರೆ. ಡಾಕ್ಟರ ಹತ್ರ ಜಗಳ ಆಡಿದ್ರು, ಆಮೇಲೆ ಸ್ಕ್ಯಾನ್ ಮಾಡಿಸಿಕೊಂಡ್ರು. ಮೂತ್ರಕೋಶ ತುಂಬಿ ನಿಂತಿತ್ತು. ಅಡ್ಮಿಟ್ ಮಾಡಿದೀವಿ. ಬರುವಾಗ ಒಂದು ಬ್ಲೇಡು ತನ್ನಿ. ಅರ್ಧ ಗಡ್ಡ ನೋಡಿ ವಾರ್ಡಿನವರೆಲ್ಲ ನಗ್ತಿದ್ದಾರೆ, ಅವರು ಎಲ್ಲರಿಗೂ ಬೈತಿದ್ದಾರೆ.”

ಇದನ್ನು ಓದುತ್ತಿರುವ ಅಣ್ಣಂದಿರೇ, ಅಪ್ಪಂದಿರೇ, ಓದಿ ಹೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಒಬ್ಬರು ಗೋಡೆ ಹಿಡಿದುಕೊಂಡು ಹೊತ್ತು ಕಳೆಯುತ್ತಿದ್ದಾರಾ? ರಾತ್ರಿಯಿಡೀ ಎದ್ದು ಓಡಾಡುತ್ತಿದ್ದಾರಾ? ನೀರು ಬಿಟ್ಟಿದ್ದಾರಾ? ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಪೂರ್ತಿ ಕಟ್ಟಿದರೆ ಶಾಖ, ಕಷಾಯ ಎಂದು ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ. ಯಾವ ಮಾತ್ರೆ ನುಂಗುವ ಮೊದಲೂ ಈ ತೊಂದರೆ ಇದೆ ಎಂದು ಡಾಕ್ಟರಿಗೆ ಹೇಳಿ. ನಿಮಗೆ ಮಾತ್ರೆಯೇ ಸಾಕಾಗಬಹುದು, ಲೇಸರ್ ಬೇಕಾಗಬಹುದು, ಬೇರೆ ಏನಾದರೂ ಇರಬಹುದು. ಅದನ್ನು ಪರೀಕ್ಷೆ ಹೇಳಲಿ, ಬೆಂಚಿನ ಮೇಲೆ ಕೂತವರು ಹೇಳುವುದು ಬೇಡ.

ಯಾರಾದರೂ ನಕ್ಕರೆ ನಗಲಿ, ಮಾನ ಹೋಯಿತು ಎಂದರೆ ಅನ್ನಲಿ. ಗಡ್ಡ ಅರ್ಧವಾಗಿದ್ದರೂ ಸರಿ, ಎದ್ದು ಹೋಗಿ.